ನಾ ಯಾರು, ಹೇಳ್ರಿ ನೋಡೋಣ

ಕುಷಾಯಿಗೂಡದ ಅಮರೇಶಪ್ಪನವರ ಕ್ಯಾನ್ಸರಿಗೆ ಇನ್ನು ಮಾಡುವಂಥದ್ದೇನೂ ಇಲ್ಲವೆಂದು ಆಸ್ಪತ್ರೆಯವರು ಕೈಮುಗಿದ ದಿನ, ಮಗಳು ಸುಮತಿ ಅವರನ್ನು ಮನೆಗೆ ಕರೆತಂದು ಒಂದು ಮಾತು ಕೊಟ್ಟಳು: ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಿಸುವುದಿಲ್ಲ. ತನ್ನ ಶಾಲೆಗೆ ರಜೆ ಬರೆದುಕೊಟ್ಟಳು. ವಾರಕ್ಕೆರಡು ಸಲ ನರ್ಸಮ್ಮ ಬಂದು ನೋವಿನ ಔಷಧಿ ಹೇಳಿಹೋಗುತ್ತಿದ್ದಳು. ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ಚಮಚದಲ್ಲಿ ಗಂಜಿ ಕುಡಿಸುವುದು ಎಲ್ಲ ಸುಮತಿಯದೇ.

ತಮ್ಮ ಸಾಯಿಕುಮಾರ ನಗರದ ಇನ್ನೊಂದು ತುದಿಯ ಮಿಯಾಪುರದಲ್ಲಿದ್ದ. ಅವನ ಕಂಪನಿಯ ಸಾಫ್ಟ್‌ವೇರು ಆ ತಿಂಗಳು ‘ಗೋ-ಲೈವ್’ ಆಗಿ ಬಳಕೆಗೆ ಬರುವುದಿತ್ತು. ಅಪ್ಪನೋ, ಗೋ ಎಂದರೂ ಹೋಗದೆ, ಲೈವ್ ಎಂದರೂ ಏಳದೆ ಮಲಗಿದ್ದರಿಂದ, ಮಗ ಫೋನಿನಲ್ಲೇ ಪಿತೃಸೇವೆ ಸಲ್ಲಿಸುತ್ತಿದ್ದ.

ನೋಡಲು ಬರುವವರಿಗೆ ಮಾತ್ರ ಬರವಿರಲಿಲ್ಲ. ನುಂಗಲಾರದವರಿಗೆ ಬ್ರೆಡ್ಡು ತಂದಿಟ್ಟು, ಮಂಚದ ಮೇಲೆ ಬಗ್ಗಿ, ಎಲ್ಲರೂ ಒಂದೇ ಪ್ರಶ್ನೆಪತ್ರಿಕೆ ಬಿಚ್ಚುತ್ತಿದ್ದರು: “ನಾ ಯಾರು, ಹೇಳ್ರಿ ನೋಡೋಣ.” ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಮಾಲು ತಪಾಸಣೆ ಮಾಡಿದ್ದ ಅಮರೇಶಪ್ಪನವರಿಗೆ ತಾವೇ ಮಾಲಾದದ್ದು ಸೇರಲಿಲ್ಲ. ಹಳೆಯ ಸಹೋದ್ಯೋಗಿ ಹುಸೇನಪ್ಪನನ್ನು ದಿಟ್ಟಿಸಿ, ಗ್ಯಾಸ್ ಸಿಲಿಂಡರಿನವ ಎಂದರು. ಪಕ್ಕದ ಮನೆಯ ಯಮುನಾಬಾಯಿಯನ್ನು ತಮ್ಮ ಹೆಡ್‌ಮಾಸ್ತರು ಎಂದರು. ಬಂದವರು ಕಣ್ಣೊರೆಸಿಕೊಂಡು ಹೋದ ಮೇಲೆ ಮಗಳತ್ತ ತಿರುಗಿ ತುಟಿಯಂಚಿನಲ್ಲಿ ನಕ್ಕರು. ಸುಮತಿಯೂ ನಕ್ಕಳು. ಅದು ಆಟವೆಂದು ಬಂದವರಿಗೆ ಹೇಳದೆ ಬಿಟ್ಟಳು; ತಪ್ಪಿದ್ದು ಅಲ್ಲೇ.

ಅಪ್ಪನ ತಲೆ ಕೆಟ್ಟಿದೆ, ಅಕ್ಕ ಸುಮ್ಮನೆ ಕೂತಿದ್ದಾಳೆ ಎಂದು ಯಮುನಾಬಾಯಿ ಮಿಯಾಪುರಕ್ಕೆ ಫೋನು ಹಚ್ಚಿದರು. ಮರುದಿನವೇ ಸಾಯಿಕುಮಾರ ಆಂಬುಲೆನ್ಸ್ ಸಮೇತ ಬಂದಿಳಿದ. ಅದು ಅಪ್ಪನ ಆಟ ಎಂದು ಸುಮತಿ ಎಷ್ಟು ಹೇಳಿದರೂ ನಂಬಲಿಲ್ಲ. ಗುರುತು ಹಿಡಿಯದಿದ್ದರೆ ಎತ್ತಿಸುವುದೇ ಸೈ ಎಂದು, ಸ್ಟ್ರೆಚರನ್ನು ಬಾಗಿಲಲ್ಲಿ ನಿಲ್ಲಿಸಿ, ತಾನೂ ಬಗ್ಗಿದ.

“ಅಪ್ಪಾ, ನಾ ಯಾರು, ಹೇಳು ನೋಡೋಣ.”

ಅಮರೇಶಪ್ಪ ಫ್ಯಾನು ನೋಡಿದರು. ಬೆಳಗಿನಿಂದ ಅವರು ಮಾತೇ ಆಡಿರಲಿಲ್ಲ. ಇದು ಆಟವೋ ನಿಜವೋ ಈಗ ಸುಮತಿಗೂ ತಿಳಿಯಲಿಲ್ಲ. ಅವಳು ಗಂಜಿಯ ಬಟ್ಟಲು ಕೆಳಗಿಟ್ಟು, ಮಂಚಕ್ಕೂ ಸ್ಟ್ರೆಚರಿಗೂ ನಡುವೆ ಹೋಗಿ ನಿಂತಳು.

“ಸಾಯಿ,” ಎಂದರು ಕಡೆಗೆ. “ತಿಂಗಳಿಗೊಮ್ಮೆ ಬಂದ್ರೂ ಗುರುತು ಇಟ್ಟೀನಿ. ಗಾಡಿ ಖಾಲಿ ಕಳಸು. ನೀ ಉಂಡು ಹೋಗು.”

ಗಾಡಿ ಖಾಲಿ ಹೋಯಿತು. ಉಣ್ಣಲು ಕೂತ ಸಾಯಿಕುಮಾರ ಹೋಗಲೇ ಇಲ್ಲ. ಮಗ್ಗುಲು ಬದಲಿಸುವುದನ್ನು ಕಲಿತ. ಕಂಪನಿಯಲ್ಲಿ ಅವನಿಲ್ಲದೆಯೂ ‘ಗೋ-ಲೈವ್’ ಆಯಿತು. ಆ ವಾರ ಅವನಿಗೆ ಬಿದ್ದ ದೊಡ್ಡ ಪೆಟ್ಟು ಅದೇ ಇರಬೇಕು.

ಅವನು ಬಂದ ಒಂಬತ್ತನೆಯ ದಿನ ಬೆಳಗ್ಗೆ, ಸುಮತಿ ತುಟಿ ಒದ್ದೆ ಮಾಡುತ್ತಿದ್ದಾಗ, ಅಮರೇಶಪ್ಪ ಅದೇ ಮಂಚದ ಮೇಲೆ ಉಸಿರು ನಿಲ್ಲಿಸಿದರು. ಮಣ್ಣಿಗೆ ಬಂದ ಯಮುನಾಬಾಯಿ ಅವಳ ಕೈ ಹಿಡಿದು ಕೇಳಿದರು: “ಕಡೀಕ ನಿನ್ನ ಗುರುತಾದ್ರೂ ಹಿಡದ್ರೇನವಾ?”

“ನಾ ಕೇಳಲಿಲ್ರಿ,” ಎಂದಳು ಸುಮತಿ.