ಅಪ್ಪ ನಗುವುದು ಅವಳ ಫೋನಿನಲ್ಲಿ

ನಮ್ಮ ಮನೆಯಲ್ಲಿ ಮಾವ ಸೊಸೆ ಎದುರುಬದುರು ಮಾತಾಡುವ ಪದ್ಧತಿ ಇಲ್ಲ. ಅಪ್ಪ ಹೊಸ್ತಿಲು ದಾಟಿದರೆ ನನ್ನ ಹೆಂಡತಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಾಳೆ. ಅಪ್ಪನಿಗೆ ನೀರು ಬೇಕಾದರೆ ತೊಲೆಯತ್ತ ಮುಖ ಮಾಡಿ, ‘ಯಾರರ ಒಂದು ತಂಬಗಿ ನೀರು ತರ್ರಿ’ ಅನ್ನುತ್ತಾನೆ. ನೀರು ಬರುತ್ತದೆ. ಅಷ್ಟೇ ಅವರಿಬ್ಬರ ಮಾತುಕತೆ.

ಅಪ್ಪ ಕುರಿಗಾರ. ಬೀರಪ್ಪ ದೇವರ ಅರಿಶಿನ ಭಂಡಾರ ಹಣೆಗೆ ಹಚ್ಚಿಕೊಂಡು ಹೊರಟನೆಂದರೆ ಹುನಗುಂದದ ಎರೆಹೊಲಗಳಲ್ಲಿ, ಐಹೊಳೆಯ ಆಚೆ ಮಲಪ್ರಭೆಯ ದಂಡೆಯಲ್ಲಿ ತಿಂಗಳುಗಟ್ಟಲೆ ಇರುತ್ತಾನೆ. ಅಕ್ಷರ ಬಾರದು. ನನ್ನದು ಇಳಕಲ್ಲಿನಲ್ಲಿ ಮೊಬೈಲ್ ಅಂಗಡಿ. ಹೋದ ವರ್ಷ ನಾನೇ ಅವನಿಗೆ ದೊಡ್ಡ ಪರದೆಯ ಫೋನು ಕೊಟ್ಟು, ಓದು ಬಾರದವರಿಗೆ ಇದೇ ಸುಲಭ ಎಂದು ಇಮೋಜಿ ಒತ್ತುವುದನ್ನೂ ಕಲಿಸಿದೆ. ಗುರುವಿಗೇ ತಿರುಮಂತ್ರ ಆಗುತ್ತದೆಂದು ಯಾರಿಗೆ ಗೊತ್ತಿತ್ತು?

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು, ‘ಕುರಿ ಈದೈತ್ರಿ.’

‘ಯಾರು ಹೇಳಿದ್ರು?’

ಹಿಟ್ಟಿನ ಕೈಯಿಂದಲೇ ಫೋನು ತೋರಿಸಿದಳು. ಅಪ್ಪ ಕಳಿಸಿದ್ದ: ಒಂದು ಕುರಿ, ಪಕ್ಕದಲ್ಲಿ ಮೊಟ್ಟೆಯೊಡೆದು ಇಣುಕುವ ಕೋಳಿಮರಿ. ಫೋನಿನಲ್ಲಿ ಕುರಿಮರಿ ಸಿಗದೆ, ಸಿಕ್ಕ ಮರಿಯನ್ನೇ ಇಟ್ಟಿದ್ದ. ಇದೇ ವ್ಯಾಪಾರದಲ್ಲಿರುವ ನನಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ಅವಳಿಗೆ ಕೂಡಲೇ ತಿಳಿದಿತ್ತು.

ಆಮೇಲೆ ಅವಳು ನೀರಿಗೆ ಹೋದಾಗಲೆಲ್ಲ ಅವಳ ಫೋನು ನೋಡತೊಡಗಿದೆ. ಅಪ್ಪನಿಂದ ಚಂದ್ರ, ನಾಯಿ. ಮಳೆ, ಕೊಡೆ. ಅದಕ್ಕೆ ಇವಳದು ಮುಗಿದ ಕೈ. ಒಂದು ದಿನ ಪಾದ ಮತ್ತು ರಕ್ತದ ಹನಿ. ನನ್ನ ಅಪ್ಪನ ಕಾಲಿಗೆ ಮುಳ್ಳು ನಟ್ಟ ಸುದ್ದಿಯನ್ನು ನಾನು ಹೆಂಡತಿಯ ಫೋನು ಕದ್ದು ನೋಡಿ ತಿಳಿಯಬೇಕೇ? ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ನಗುವ ಮುಖಗಳು. ಅಪ್ಪ ನಕ್ಕಿದ್ದನ್ನು ನಾನು ಕಂಡದ್ದೇ ಅಪರೂಪ. ಅವಳ ಫೋನಿನಲ್ಲಿ ದಿನಾ ಹಲ್ಲು ಬಿಡುತ್ತಾನೆ. ನನಗಾದರೆ ಫೋನು ಮಾಡಿ, ‘ಕೇಳಸ್ತೈತೇನ್ಲೇ? ರಿಚಾರ್ಜ್ ಮುಗದೈತಿ, ಹಾಕು. ಇಡ್ತೇನಿ.’ ಹೆತ್ತವರಿಗೆ ಹೆಗ್ಗಣ ಮುದ್ದಂತೆ. ನಾನು ಹೆಗ್ಗಣಕ್ಕಿಂತಲೂ ಕಡೆಯಾಗಿದ್ದೆ.

ತಡೆಯಲಾರದೆ ಹೆಂಡತಿಯನ್ನೇ ಕೆಣಕಿದೆ. ‘ಮಾವನ ಕೂಡ ಭಾಳ ಹರಟಿ ನಡದೈತಿ. ಎದುರಿಗೆ ಸೆರಗು, ಫೋನಿನ್ಯಾಗ ನಗಿ.’

ಅವಳು ಪುಂಡಿಪಲ್ಲೆಯ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ‘ಇದೇನು ಮಾತಲ್ಲಲ್ರಿ, ಚಿತ್ರ. ಮಾತಾಡಾಕ ನೀವು ಅದೀರಲ್ಲ.’

ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ನಾನೂ ಅಪ್ಪನಿಗೆ ಕಳಿಸಿದೆ: ಒಂದು ಕುರಿ, ಒಂದು ನಾಯಿ, ಒಂದು ನಗುವ ಮುಖ. ಸ್ವಲ್ಪ ಯೋಚಿಸಿ ಇನ್ನೊಂದು ನಗುವ ಮುಖ. ಮೊದಲ ಸಲ ಹುಡುಗಿಗೆ ಮೆಸೇಜು ಕಳಿಸಿದವನಂತೆ ಪರದೆ ನೋಡುತ್ತ ಕೂತೆ. ಚಿತ್ರ ಬರಲಿಲ್ಲ, ಫೋನೇ ಬಂತು.

‘ಏನಾತೋ? ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ಲೋ?’ ಅಪ್ಪನ ದನಿಯಲ್ಲಿ ಗಾಬರಿಯಿತ್ತು.

‘ಏನಿಲ್ಲ ಯಪ್ಪಾ. ಸುಮ್ನ ಕಳಿಸೀನಿ.’

‘ನಿನಗ ಬಾಯಿ ಐತಲ್ಲೋ. ಮಾತಾಡು, ಕೇಳಾಕತ್ತೇನಿ.’

ಬಾಯಿ ಇತ್ತು. ಆ ಕಡೆ ಕುರಿಗಳು ಅರಚುತ್ತಿದ್ದವು. ಎಂದೂ ಕಾಯದ ಅಪ್ಪ ಅವತ್ತು ಖರೆ ಕಾಯುತ್ತಿದ್ದ. ಕೊನೆಗೆ, ‘ಊಟ ಆತೇನ್ ಯಪ್ಪಾ?’ ಎಂದೆ.

‘ಆತು,’ ಎಂದ ಅಪ್ಪ. ‘ಆಕಿಗೆ ಆಗ್ಲೇ ಹೇಳೀನಲ್ಲ.’