ನನಗಿಂತ ಮೊದಲು ಹೊರಟ ಚೀಲ

ಮದ್ರಾಸಿಗೆ ಹೋಗುವುದಕ್ಕೆ ಯಾವುದು ಮೇಲು ಎಂಬ ಮಾತು ನಮ್ಮ ಜಯನಗರದ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಏಳುತ್ತಿತ್ತು. ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ. ಬಾಣಂತನ, ನಾಮಕರಣ, ಜ್ವರ, ಏನೇ ಆಗಲಿ ಅವಳು ಇಲ್ಲಿಗೆ ಬರಬೇಕು, ಇಲ್ಲವೇ ನಾನು ಅಲ್ಲಿಗೆ ಓಡಬೇಕು.

ನಮ್ಮನೆಯವರದು ರೈಲಿನ ಪಕ್ಷ. ಟೈಮ್‌ಟೇಬಲ್ ಪುಸ್ತಕವನ್ನು ಪಂಚಾಂಗದ ಪಕ್ಕದ ಮೊಳೆಗೇ ನೇತು ಹಾಕಿದ್ದರು. ಮೈದುನನದು ಕಾರಿನ ಪಕ್ಷ. ಆತ ಯಾರದೋ ಕೈಯಿಂದ ಒಂದು ಹಳೆಯ ಕಾರು ಕೊಂಡು, ಭಾನುವಾರವೆಲ್ಲ ಅದರ ಕೆಳಗೇ ಮಲಗಿರುತ್ತಿದ್ದ.

"ಅತ್ತಿಗೆ, ಕಾರಾದ್ರೆ ಮನೆ ಬಾಗಿಲಿಂದ ಮನೆ ಬಾಗಿಲಿಗೆ. ಕೂಲಿ ಬೇಡ, ಕ್ಯೂ ಬೇಡ," ಅನ್ನುತ್ತಿದ್ದ.

"ಹೌದೌದು, ಮಧ್ಯೆ ಹತ್ತು ಮೆಕ್ಯಾನಿಕ್ ಬಾಗಿಲು ಬಿಟ್ರೆ," ಎಂದು ಇವರು ಪೇಪರಿನ ಹಿಂದಿನಿಂದ ಹೇಳುತ್ತಿದ್ದರು.

ಎರಡರಲ್ಲೂ ಹೋಗಿ ಬಂದವಳು ನಾನು. ರೈಲೆಂದರೆ ಹಾಸಿಗೆ ಸುತ್ತಿದ ಹೋಲ್ಡಾಲು, ನೀರಿನ ಕೂಜ, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ. ಕಿಟಕಿಯಿಂದ ತಲೆ ಹೊರಗೆ ಹಾಕಬೇಡ ಎಂದು ಎಷ್ಟು ಸಲ ಹೇಳಿಸಿಕೊಂಡರೂ ಹಾಕುತ್ತಿದ್ದೆ. ಕಣ್ಣಿಗೆ ಇದ್ದಿಲ ಚೂರು ಬೀಳುತ್ತಿತ್ತು. ಸೆರಗಿನ ತುದಿ ಒದ್ದೆ ಮಾಡಿಕೊಂಡು ಒರೆಸುವಷ್ಟರಲ್ಲಿ ಜೋಲಾರ್‌ಪೇಟೆ ಬರುತ್ತಿತ್ತು. ರೈಲಿನಲ್ಲಿ ಕೂತ ಮೇಲೆ ನಾವು ಮಾಡುವುದು ಏನೂ ಇರುವುದಿಲ್ಲ. ಬೇಗ ಹೋಗು ಅಂದರೆ ಅದು ಕೇಳುವುದಿಲ್ಲ. ಕಾರಿನಲ್ಲಿ ಹಾಗಲ್ಲ, ಎಲ್ಲವೂ ನಮ್ಮ ಕೈಯಲ್ಲೇ ಇರುವ ಹಾಗೆ ಕಾಣುತ್ತದೆ. ಒಂದು ಸಲ ಹೋದಾಗ ಕೃಷ್ಣಗಿರಿ ದಾಟಿದ ಮೇಲೆ ಕೆರೆ ಕಂಡಲ್ಲೆಲ್ಲ ನಿಲ್ಲಿಸಿ, ರೇಡಿಯೇಟರಿಗೆ ನೀರು ಹುಯ್ದು, ಬೆಳಿಗ್ಗೆ ಹೊರಟವರು ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆವು. ಎಂಟು ಕೆರೆ ಎಣಿಸಿದ್ದೆ.

ವಿಮಾನವನ್ನು ಮಾತ್ರ ನಾನು ಅಂಗಳದಿಂದ ನೋಡಿದ್ದೆ ಅಷ್ಟೆ. ಒಂದು ಗಂಟೆ ಚಿಲ್ಲರೆಯಲ್ಲಿ ಮದ್ರಾಸಂತೆ, ಕಿವಿಗೆ ಹತ್ತಿ ಕೊಡುತ್ತಾರಂತೆ, ಚೀಪುವುದಕ್ಕೆ ಪೆಪ್ಪರ್‌ಮೆಂಟು ಕೊಡುತ್ತಾರಂತೆ ಎಂದು ಇವರ ಆಫೀಸಿನ ದೊಡ್ಡ ಸಾಹೇಬರು ಹೇಳಿದ್ದು ನಮ್ಮ ಮನೆಗೂ ಬಂದಿತ್ತು.

ಅರವತ್ತರ ದಶಕದ ನಡುವಿನ ಒಂದು ಕಾರ್ತಿಕ ಮಾಸ. ಶನಿವಾರ ಮಧ್ಯಾಹ್ನ ಭಾವನಿಂದ ತಂತಿ ಬಂತು. ಅಕ್ಕನ ಮೂತ್ರಪಿಂಡದಲ್ಲಿ ಕಲ್ಲು. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್. ಹಳೆಯ ಎಕ್ಸ್‌ರೇ ಸೋಮವಾರ ಸಾಯಂಕಾಲದೊಳಗೆ ಡಾಕ್ಟರ ಕೈಗೆ ಸಿಗಲೇಬೇಕು. ಹಿಂದಿನ ವರ್ಷ ಅಕ್ಕ ನಮ್ಮಲ್ಲಿಗೆ ಬಂದಿದ್ದಾಗ ಹೊಟ್ಟೆನೋವು ಬಂದು, ಇಲ್ಲೇ ತೆಗೆಸಿದ ಎಕ್ಸ್‌ರೇ ಅದು. ನನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ನೋಡದೆ ಡಾಕ್ಟರು ಕತ್ತಿ ಹಿಡಿಯುವುದಿಲ್ಲ. ಆ ದಿನ ತಪ್ಪಿದರೆ ಮತ್ತೆ ಹದಿನೈದು ದಿನ. ಹದಿನೈದು ದಿನ ಆ ನೋವನ್ನು ಅವಳು ತಡೆಯಲಾರಳು ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿದ್ದಾಗ ನೋವಿಗೆ ಅವಳು ಕಚ್ಚಿದ ದಿಂಬು ಇನ್ನೂ ಹೊಲಿಗೆ ಕಾಣದೆ ಬಿದ್ದಿತ್ತು.

ಆ ರಾತ್ರಿಯ ರೈಲೂ ಭಾನುವಾರದ ರೈಲೂ ಭರ್ತಿ, ಮದುವೆ ಕಾಲ. ಸೋಮವಾರ ರಾತ್ರಿಯ ಮೇಲ್‌ನಲ್ಲಿ ಹೋದರೆ ಮುಟ್ಟುವುದು ಮಂಗಳವಾರ ಬೆಳಿಗ್ಗೆ, ಎಕ್ಸ್‌ರೇಗೆ ಹೊತ್ತು ಮೀರಿರುತ್ತದೆ. ಮೈದುನನ ಕಾರು ವರ್ಕ್‌ಶಾಪಿನಲ್ಲಿ. ಸೋಮವಾರ ಬೆಳಿಗ್ಗೆ ಕೈಗೆ ಬಂದರೂ ಅದನ್ನು ನಂಬಿ ಅಷ್ಟು ದೂರ ಹೊರಡುವ ಹಾಗಿರಲಿಲ್ಲ. ಉಳಿದದ್ದು ಸೋಮವಾರ ಮಧ್ಯಾಹ್ನ ಎರಡೂವರೆಯ ವಿಮಾನ. ಇವರು ಎರಡು ಸಲ ಟೈಮ್‌ಟೇಬಲ್ ತಿರುವಿ ನೋಡಿ, ಮೊಳೆಗೆ ವಾಪಸ್ಸು ಹಾಕಿ, "ನಡಿ, ನೀನೇ ಮೊದಲು ಹಾರು," ಎಂದು ಟಿಕೆಟ್ಟು ತರಲು, ಭಾವನಿಗೆ ತಂತಿ ಕೊಡಲು ಹೋದರು.

ಆಗ ಅತ್ತೆ ಪಂಚಾಂಗ ತೆಗೆದರು. ಸೋಮವಾರ ಪೂರ್ವ ದಿಕ್ಕಿಗೆ ಶೂಲೆ, ಆ ಕಡೆ ಹೊರಡಬಾರದು. ಮದ್ರಾಸು ಪೂರ್ವಕ್ಕೆ.

"ಹೋಗಲೇಬೇಕು ಅಂದ್ರೆ ಪ್ರಸ್ಥಾನ ಇಡು," ಎಂದರು.

ನಮ್ಮ ಕಡೆ ಇದು ಎಲ್ಲರೂ ಮಾಡುವುದೇ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಒಳ್ಳೆಯ ದಿನವೇ ಒಂದು ಚೀಲವನ್ನು, ಹೋಗುವ ದಿಕ್ಕಿನ ಬೇರೊಂದು ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಮಾರನೆಯ ದಿನ ಹೊರಡುವಾಗ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗಬೇಕು. ನಡುವೆ ಹೋಗಿ ಮುಟ್ಟುವ ಹಾಗಿಲ್ಲ, ಇಣುಕುವ ಹಾಗೂ ಇಲ್ಲ.

"ಒಂದು ರವಿಕೆ ಕಣ ಇಟ್ರೆ ಸಾಲ್ದಾ?" ಅಂದೆ.

"ಯಾವ ಕೆಲಸಕ್ಕೆ ಹೋಗ್ತೀಯೋ ಅದೇ ಮೊದಲು ಹೊರಡಬೇಕು ಕಣೇ. ರವಿಕೆ ಕಣಕ್ಕೇನು ಆಪರೇಷನ್ನಾ?"

ಅತ್ತೆಯ ಮಾತು ಸರಿಯಾಗಿಯೇ ಕೇಳಿಸಿತು. ಎಕ್ಸ್‌ರೇಯನ್ನು ಎರಡು ಹಳೆಯ ಕ್ಯಾಲೆಂಡರಿನ ರಟ್ಟುಗಳ ನಡುವೆ ಇಟ್ಟು ದಾರ ಸುತ್ತಿ, ಅಕ್ಕನೇ ಹೊಲಿದುಕೊಟ್ಟಿದ್ದ ಕಿತ್ತಳೆ ಪಟ್ಟೆಯ ಉದ್ದ ಚೀಲಕ್ಕೆ ಇಳಿಸಿದೆ. ಜೊತೆಗೆ ಮೆಂತ್ಯದ ಹಿಟ್ಟಿನ ಡಬ್ಬಿ, ಎಲೆ ಅಡಿಕೆ. ಭಾನುವಾರ ಬೆಳಿಗ್ಗೆ ಪೂರ್ವದ ಪಕ್ಕದ ಮನೆಯಲ್ಲಿ, ದೇವರ ಗೂಡಿನ ಕೆಳಗೆ ಇಟ್ಟು ಬಂದೆ. ನಮ್ಮ ಸಾಲು ಮನೆಗಳಿರುವ ನೆಲವೆಲ್ಲ ಒಂದು ಕಾಲಕ್ಕೆ ಆ ಮನೆಯವರ ರಾಗಿ ಹೊಲವಾಗಿತ್ತು. ಆ ಮನೆಯ ಅಮ್ಮನಿಗೆ ನಮ್ಮೆಲ್ಲರ ಮೇಲೂ ಒಂದು ಯಜಮಾನಿಕೆ.

"ಇಟ್ಟೋಗು ಕಣವ್ವ, ನಾ ನೋಡ್ಕತೀನಿ," ಅಂದಿದ್ದರು.

ಸೋಮವಾರ ಬೆಳಿಗ್ಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ಕೀಲಿ ಕೊಟ್ಟ ಗಡಿಯಾರಕ್ಕೆ ಮತ್ತೆ ಕೀಲಿ ಕೊಡಲು ಹೋಗಿ ಬೈಸಿಕೊಂಡೆ. ಗೇಟಿಗೆ ಹೋಗಿ ಬಂದೆ, ಹೋಗಿ ಬಂದೆ. ಪಕ್ಕದ ಮನೆಯ ಕಡೆ ಮಾತ್ರ ಕಣ್ಣು ಹಾಯಿಸದ ಹಾಗೆ ತಲೆ ತಗ್ಗಿಸಿಕೊಂಡು. ನೋಡಬಾರದಲ್ಲ!

ಹನ್ನೆರಡಕ್ಕೆ ಮೈದುನ ಕಾರು ತಂದು ನಿಲ್ಲಿಸಿದ. ಅತ್ತೆಗೆ ನಮಸ್ಕಾರ ಮಾಡಿ, ಬಲಗಾಲಿಟ್ಟು ಹೊರಟು, ಪಕ್ಕದ ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲಿಗೆ ನನ್ನ ಅಂಗೈಯಗಲದ ಬೀಗ.

ನಾನು ಕೂಗಿದ ರೀತಿಗೆ ಎಲ್ಲರೂ ಓಡಿ ಬಂದರು. ಅತ್ತೆ ಹಣೆ ಬಡಿದುಕೊಂಡರು. "ಇವತ್ತು ಕಾರ್ತಿಕ ಸೋಮವಾರ ಅಲ್ವೇನೇ! ಬೇಗೂರು ನಾಗೇಶ್ವರನ ಗುಡಿಗೆ ಹೋಗಿರ್ತಾರೆ. ಪ್ರತಿ ವರ್ಷ ಹೋಗ್ತಾರೆ."

ದಿಕ್ಕು ನೋಡಿದ್ದೆವು, ರಾಹುಕಾಲ ನೋಡಿದ್ದೆವು. ಸೋಮವಾರ ಶಿವನ ವಾರವೆಂಬುದನ್ನು ಇಬ್ಬರು ಹೆಂಗಸರೂ ಮರೆತಿದ್ದೆವು.

"ಬೀಗ ಒಡೆದುಬಿಡ್ಲಾ?" ಎಂದ ಮೈದುನ.

"ಪ್ರಸ್ಥಾನ ಇಟ್ಟ ಮನೆ ಬೀಗ ಒಡೀತಾರೇನೋ, ಮುಠ್ಠಾಳ!" ಎಂದು ಅತ್ತೆ ಗದರಿದರು.

"ಹಾಗಾದ್ರೆ ಕೂತ್ಕೊಳ್ಳಿ ಅತ್ತಿಗೆ. ಬೇಗೂರಿಗೆ ಹೋಗಿ ಬೀಗದ ಕೈ ಈಸ್ಕೊಂಡು ಬರೋಣ."

ಇವರು ಗಡಿಯಾರ ನೋಡಿ ಹಿಂದಿನ ಸೀಟಿಗೆ ಹತ್ತಿದರು. ಹೊಸೂರು ರಸ್ತೆಯಲ್ಲಿ ಒಂದಿಷ್ಟು ದೂರ ಚೆನ್ನಾಗಿ ಹೋಯಿತು. ಬೇಗೂರಿನ ಕಡೆ ತಿರುಗಿದ ಮೇಲೆ ಮಣ್ಣು ರಸ್ತೆ, ಮುಂದೆ ಗುಡಿಗೆ ಹೊರಟ ಎತ್ತಿನ ಗಾಡಿಗಳ ಸಾಲು. ಮೈದುನ ಹಾರನ್ ಒತ್ತಿದರೆ ಎತ್ತುಗಳು ತಿರುಗಿ ನೋಡುತ್ತಿದ್ದವೇ ಹೊರತು ಸರಿಯುತ್ತಿರಲಿಲ್ಲ. ನಾನು ಕಾಲಿನಿಂದ ಕಾರಿನ ನೆಲವನ್ನು ಒತ್ತುತ್ತ ಕೂತಿದ್ದೆ, ನಾನೇ ಓಡಿಸುತ್ತಿರುವವಳ ಹಾಗೆ.

ಗುಡಿಯ ಜಗುಲಿಯ ಮೇಲೆ, ಕಂಬಕ್ಕೆ ಒರಗಿ, ಪ್ರಸಾದ ತಿನ್ನುತ್ತ ಆ ಅಮ್ಮ ಕೂತಿದ್ದರು. ಅವರ ಮಡಿಲಲ್ಲಿ ಕಿತ್ತಳೆ ಪಟ್ಟೆಯ ನನ್ನ ಚೀಲ! ರಟ್ಟಿನ ಮೇಲೆ ವಿಭೂತಿ, ಚೀಲದ ಬಾಯಿಗೆ ಬಿಲ್ವಪತ್ರೆ.

"ಇದನ್ಯಾಕೆ ಇಲ್ಲಿಗೆ ತಂದ್ರಿ?" ಎನ್ನುತ್ತ ಚೀಲಕ್ಕೆ ಕೈ ಹಾಕಿದೆ.

"ಯಾತ್ರೆಗೆ ಹೊಂಟಿರೋ ಚೀಲ, ಬೀಗ ಹಾಕಿರೋ ಮನೇಲಿ ಒಂಟಿ ಬಿಟ್ ಬರಕ್ ಆಯ್ತದಾ ಕಣವ್ವ? ಸಂಜಿಗಂಟ ನೀ ಹೊರಡಲ್ಲ ಅಂದ್ಕಂಡೆ. ಅಕ್ಕನ ಹೆಸರಲ್ಲಿ ಪೂಜೆನೂ ಮಾಡಿಸ್ದೆ."

ನಾನು ಹೊರಡುವ ಹೊತ್ತು ಯಾವುದೆಂದು ಅವರಿಗೆ ಹೇಳಿಯೇ ಇರಲಿಲ್ಲ. ಬಯ್ಯುವುದಕ್ಕೆ ಬಾಯಿ ತೆರೆದವಳು ಅವರ ಕಾಲು ಮುಟ್ಟಿ ಓಡಿದೆ.

ಜಯನಗರಕ್ಕೆ ವಾಪಸ್ಸು ಹೋಗುವ ಕೆಲಸ ತಪ್ಪಿತು, ನೇರ ಏರೋಡ್ರೋಮಿಗೇ ಹೋಗಬಹುದು ಎಂದು ಮೈದುನ ಹುರುಪಿನಿಂದ ಹೇಳಿ ಮುಗಿಸಿರಲಿಲ್ಲ, ಬೇಗೂರು ಕೆರೆಯ ಏರಿಯ ಮೇಲೆ ಬಾನೆಟ್ಟಿನಿಂದ ಹೊಗೆ ಎದ್ದಿತು. ಇವರು ಇಳಿದು, ಪಂಚೆ ಎತ್ತಿ ಕಟ್ಟಿ, ಡಬ್ಬ ಹಿಡಿದು ಕೆರೆಗಿಳಿದರು. ರೈಲಿನ ಪಕ್ಷದವರು ಕಾರಿಗೆ ನೀರು ಹೊತ್ತು ತಂದದ್ದನ್ನು ನೋಡಿ ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅದು ನನ್ನ ಒಂಬತ್ತನೆಯ ಕೆರೆ.

ಆಡುಗೋಡಿ ದಾಟಿ, ದೊಮ್ಮಲೂರಿನ ಕಡೆ ತಿರುಗಿ, ಏರೋಡ್ರೋಮ್ ಮುಟ್ಟುವಾಗ ಎರಡು ಗಂಟೆ ಇಪ್ಪತ್ತು ನಿಮಿಷ. ಕೌಂಟರಿನ ಹಿಂದೆ ನರೆಗೂದಲ ಗುಮಾಸ್ತರೊಬ್ಬರು ಕಾಗದ ಜೋಡಿಸುತ್ತಿದ್ದರು.

"ಆಗಲ್ಲ ಅಮ್ಮ. ಲಿಸ್ಟು ಪೈಲಟ್ ಕೈಗೆ ಹೋಗಿದೆ. ನಿಮ್ಮ ಸೀಟು ಕಾಯ್ತಾ ಇದ್ದವರಿಗೆ ಕೊಟ್ಟಾಯ್ತು."

"ಸಾರ್, ಆಪರೇಷನ್ನು..." ಎಂದು ಇವರು ಶುರು ಮಾಡಿದರು.

"ಪ್ಲೇನು ನಿಮ್ಮ ಮನೇದಲ್ಲ ಸಾರ್, ನಮ್ಮಪ್ಪಂದೂ ಅಲ್ಲ."

ಗಾಜಿನಾಚೆ ವಿಮಾನ ಕಾಣುತ್ತಿತ್ತು. ಬಾಲ ನೆಲಕ್ಕೆ ಊರಿ, ಮೂತಿ ಎತ್ತಿ ಕೂತ ಕಪ್ಪೆಯ ಹಾಗೆ. ಜನ ಸಾಲಾಗಿ ಅದರತ್ತ ನಡೆಯುತ್ತಿದ್ದರು. ಇಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದು ಅದೇ ಮೊದಲು. ಹತ್ತಬೇಕಾದವಳು ನಾನೇ, ಆದರೆ ಹೋಗಲೇಬೇಕಾದದ್ದು ನಾನಲ್ಲ ಎಂದು ಆಗ ಹೊಳೆಯಿತು.

"ನಾನು ಬರಲ್ಲ ಸಾರ್. ಇದೊಂದು ಹೋಗ್ಲಿ," ಎಂದು ಚೀಲವನ್ನು ಕೌಂಟರಿನ ಮೇಲಿಟ್ಟೆ. ಗುಮಾಸ್ತರು ವಿಭೂತಿ ನೋಡಿದರು, ಬಿಲ್ವಪತ್ರೆ ನೋಡಿದರು, ರಟ್ಟಿನ ನಡುವಿನಿಂದ ಎಕ್ಸ್‌ರೇ ಎಳೆದು ಬೆಳಕಿಗೆ ಹಿಡಿದರು. ಅಕ್ಕನ ಪಕ್ಕೆಲುಬುಗಳು ಅವರ ಮುಖದ ಮೇಲೆ ನೆರಳು ಬಿಟ್ಟವು. ತಟ್ಟನೆ ಎದ್ದು, ಸಾಲಿನ ಕೊನೆಯಲ್ಲಿದ್ದವರನ್ನು ಚಪ್ಪಾಳೆ ತಟ್ಟಿ ಕರೆದರು. ನನ್ನ ಸೀಟು ಸಿಕ್ಕವರು ಅವರೇ. ದಪ್ಪ ಕನ್ನಡಕದ, ತಮಿಳು ಬೆರೆತ ಕನ್ನಡದವರು.

"ಯಾರ ಕೈಗೆ ಕೊಡಬೇಕಮ್ಮ? ಗುರುತು?" ಎಂದರು ಕನ್ನಡಕದವರು.

"ನಮ್ಮ ಭಾವ. ಬಿಳಿ ಪಂಚೆ, ಕೈಯಲ್ಲಿ ಕೊಡೆ."

"ಮದ್ರಾಸಲ್ಲಿ ಈ ಮಳೇಲಿ ಎಲ್ಲಾರ ಕೈಲೂ ಕೊಡೆನೇ," ಎಂದು ಗುಮಾಸ್ತರು ನಕ್ಕರು.

"ಹಾಗಾದ್ರೆ ಚೀಲಾನ ಎತ್ತಿ ಹಿಡೀರಿ. ಅವರೇ ಬರ್ತಾರೆ. ಅವರ ಮನೇಲಿ ಹೊಲಿದ ಚೀಲ."

ಕನ್ನಡಕದವರು ಚೀಲವನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಓಡಿದರು. ಏಣಿ ಸರಿಯಿತು. ವಿಮಾನ ಗುಡುಗುತ್ತ ಉರುಳಿ, ಮರಗಳ ಮೇಲೆ ಎದ್ದು, ಪೂರ್ವಕ್ಕೆ ಹೊರಳಿತು.

ರಾತ್ರಿ ಮೇಲ್‌ನಲ್ಲಿ, ಇವರು ಯಾರ್ಯಾರನ್ನೋ ಕಾಡಿ ಹಿಡಿದ ಸೀಟಿನಲ್ಲಿ, ನಾನು ಹೊರಟೆ. ಮದ್ರಾಸಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದೆವು, ಮಳೆಗೆ ಲೈನು ಸಿಗಲಿಲ್ಲ. ಭಾವ ನನ್ನನ್ನು ಹುಡುಕುತ್ತಾರೆ, ಚೀಲವನ್ನಲ್ಲ. ನಾನು ಇಳಿಯದ್ದು ನೋಡಿ ಹೊರಟೇಹೋದರೆ? ಕನ್ನಡಕದವರ ಹೆಸರನ್ನಾದರೂ ಕೇಳಿದೆನೇ? ಊಟದ ಗಂಟು ಬಿಚ್ಚಲಿಲ್ಲ. ಕೂತರೆ ಏಳಬೇಕು, ಎದ್ದರೆ ಬಾಗಿಲ ಹತ್ತಿರ ಹೋಗಬೇಕು. ಎದುರಿನ ಅಜ್ಜಿ, "ಏನಮ್ಮ, ರೈಲನ್ನ ನೀನೇ ತಳ್ತಿದೀಯಾ?" ಎಂದು ಕೇಳಿಯೇಬಿಟ್ಟರು. ಬೆಳಗಾದ ಮೇಲೆ ಅರಕ್ಕೋಣದ ಆಚೆ ಹಳಿಯ ಪಕ್ಕವೆಲ್ಲ ನೀರು. ರೈಲು ನಿಂತಿತು, ನಡೆಯಿತು, ಮತ್ತೆ ನಿಂತಿತು. ಬೆಳಗಿನ ಎಂಟು, ಆಪರೇಷನ್ನಿನ ಹೊತ್ತು, ಅಲ್ಲೇ ಆಯಿತು.

ಆಸ್ಪತ್ರೆ ತಲುಪುವಾಗ ಹತ್ತೂವರೆ. ಉದ್ದನೆಯ ಓಣಿಯಂಥ ಜಗುಲಿಯ ತುದಿಯಲ್ಲಿ ಭಾವ ಬೆಂಚಿನ ಮೇಲೆ ಕೂತಿದ್ದರು. ಅವರ ಮುಖ ನೋಡುವ ಮೊದಲು ಅವರ ಪಕ್ಕ ನೋಡಿದೆ. ಕಿತ್ತಳೆ ಪಟ್ಟೆ.

"ಒಳಗಿದಾಳೆ, ಎಂಟಕ್ಕೆ ಕರ್ಕೊಂಡು ಹೋದ್ರು," ಎಂದರು ಭಾವ. "ಡಾಕ್ಟ್ರು ನೆನ್ನೆ ಸಾಯಂಕಾಲಾನೇ ಹಳೇದು ಹೊಸದು ಎರಡೂ ಪಕ್ಕಪಕ್ಕ ಹಿಡಿದು ನೋಡಿದ್ರು. ಕಲ್ಲು ಕೆಳಕ್ಕೆ ಸರಿದಿದೆಯಂತೆ. ಗೊತ್ತಾಗಿದ್ದು ಒಳ್ಳೇದಾಯ್ತು ಅಂದ್ರು."

ಎರಡು ದಿನಗಳಿಂದ ನಾನು ಸರಿಯಾಗಿ ಕೂತದ್ದು ಆಗಲೇ. ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ತಳದಲ್ಲಿ, ಮೆಂತ್ಯದ ಹಿಟ್ಟಿನ ಡಬ್ಬಿಯ ಪಕ್ಕ, ಏನೋ ಸಣ್ಣದು ಕೈಗೆ ಸಿಕ್ಕಿತು. ಕಾಗದದಲ್ಲಿ ಸುತ್ತಿದ ಎರಡು ಪೆಪ್ಪರ್‌ಮೆಂಟು, ಒಂದು ಚೂರು ಹತ್ತಿ. ನನ್ನ ಸೀಟಿಗೆ ಕೊಟ್ಟದ್ದನ್ನು ಆ ಪುಣ್ಯಾತ್ಮ ತಾನು ಮುಟ್ಟದೆ ನನಗೇ ಕಳಿಸಿದ್ದ.

ಅಕ್ಕನಿಗೆ ಸರಿಯಾಗಿ ಎಚ್ಚರವಾದದ್ದು ಮಾರನೆಯ ದಿನ. ನನ್ನ ಕಣ್ಣಿನಲ್ಲಿ ಇದ್ದಿಲ ಚೂರಿನ ಕೆಂಪು ಇನ್ನೂ ಇತ್ತು. ಅವಳು ಅದನ್ನು ನೋಡದೆ, ಒಣಗಿದ ತುಟಿಯಲ್ಲಿ ಮೆಲ್ಲಗೆ ಕೇಳಿದಳು, "ವಿಮಾನದಲ್ಲಿ ಕಿವಿ ನೋವಾಯ್ತಾ?"

"ಚೀಲಾನ ಕೇಳ್ಬೇಕು ಕಣೇ," ಅಂದೆ.

ನಗಬಾರದು, ಹೊಲಿಗೆ ಎಳೆಯುತ್ತದೆ ಎಂದು ನರ್ಸಮ್ಮ ಗದರಿದರು. ಅಕ್ಕ ನಗು ತಡೆಯಲು ಹೊಟ್ಟೆ ಹಿಡಿದುಕೊಂಡಳು. ಡಾಕ್ಟರು ಬಾಯಿಗೆ ಏನಾದರೂ ಕೊಡಬಹುದು ಎಂದ ದಿನ, ಒಂದು ಪೆಪ್ಪರ್‌ಮೆಂಟನ್ನು ಅವಳ ಬಾಯಿಗೆ ಹಾಕಿ, ಇನ್ನೊಂದನ್ನು ನಾನು ಚೀಪಿದೆ.