ಬ್ಯಾಟರಿ ಕೋಣೆಯ ಮಡಿ

ಅತ್ಯಾನ ಕೆಂಪು ಸೀರೆಯನ್ನು ಬಿಸಿಲಿಗೆ ಹಿಡಿದರೆ ಆಚೆಯ ಗೋಡೆ ಕಾಣುತ್ತಿತ್ತು. ಆ್ಯಸಿಡ್ ಸಿಡಿದು ಸಿಡಿದು ಮೊಣಕಾಲಿನ ಕೆಳಗೆಲ್ಲ ತೂತು. "ಗಾಳಿ ಆಡ್ತದ, ಛಲೋ ಆತು" ಅನ್ನುತ್ತಿದ್ದಳು. ಗಂಡ ಸತ್ತ ಹೆಂಗಸು ತಲೆ ಬೋಳಿಸಿಕೊಂಡು, ಇಂಥ ಕೆಂಪು ಸೀರೆಯುಟ್ಟು ಮೂಲೆ ಹಿಡಿದು ಕೂಡಬೇಕು ಎನ್ನುವ ರಾಯಚೂರಿನ ನಮ್ಮ ಓಣಿಯಲ್ಲಿ ಮೂಲೆ ಹಿಡಿಯದವಳು ಇವಳೊಬ್ಬಳೇ.

ಅವಳು ನನ್ನ ತಂದೆಯ ತಂಗಿ. ಅವಳ ಗಂಡ ರೇಡಿಯೊ ಮತ್ತು ಬಸ್ಸಿನ ಬ್ಯಾಟರಿಗಳಿಗೆ ಕರೆಂಟು ತುಂಬಿಕೊಡುವ ಕೆಲಸ ಮಾಡುತ್ತಿದ್ದ. ಆತ ಜ್ವರದಲ್ಲಿ ತೀರಿಕೊಂಡ ಮೇಲೆ ಹೊರಕೋಣೆಯ ತಗಡಿನ ಪೆಟ್ಟಿಗೆಯ ಮುಂದೆ ಅತ್ಯಾ ಕೂತಳು. ತಂತಿಯಲ್ಲಿ ಬಂದ ಕರೆಂಟನ್ನು ಬ್ಯಾಟರಿಗೆ ಒಗ್ಗುವಷ್ಟು ಇಳಿಸಿ ಕೊಡುವ ಪೆಟ್ಟಿಗೆ ಅದು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಆಗ ಕರೆಂಟಿರಲಿಲ್ಲ. ಗಬ್ಬೂರಿನ ಸಾಹುಕಾರರ ರೇಡಿಯೊ ಬಾಯಿ ಬಿಡಬೇಕಾದರೆ ಅದರ ಬ್ಯಾಟರಿ ಬಸ್ಸೇರಿ ಅತ್ಯಾನ ಹತ್ತಿರ ಬರಬೇಕಿತ್ತು.

"ಸಂಜಿಗೇ ಬೇಕ್ರೀ ಅವ್ವಾರ, ಜೋರ್ ಬಿಡ್ರಿ ಕರೆಂಟು" ಎಂದು ಯಾರಾದರೂ ಅಂದರೆ ಮುಗಿಯಿತು.

"ಹೊಟ್ಟಿಗೆ ಹಿಡಿಸೋಷ್ಟೇ ಉಣಿಸಬೇಕಪಾ. ಜೋರ್ ಮಾಡಿದ್ರ ಕುದ್ದು ಸಾಯ್ತದ. ನಾಳಿ ಬಾ."

ಬ್ಯಾಟರಿ ತುಂಬುವಾಗ ಗುಳ್ಳೆಯೆದ್ದು ಅದರಿಂದೊಂದು ಗಾಳಿ ಹೊರಡುತ್ತದೆ. ಕಿಡಿ ತಾಗಿದರೆ ಸಿಡಿಯುತ್ತದೆ. ಅದಕ್ಕೇ ಕಿಟಕಿ ಸದಾ ತೆರೆದಿರುತ್ತಿತ್ತು. ಪೆಟ್ಟಿಗೆಯ ಗುಂಡಿ ಆರಿಸದೆ, ಬ್ಯಾಟರಿಗೆ ಕಚ್ಚಿಸಿದ ತಂತಿಯ ಚಿಮಟಿಗೆ ಯಾರೂ ಕೈ ಹಚ್ಚುವ ಹಾಗಿರಲಿಲ್ಲ. ಆದರೆ ಬೀಡಿ ಕಚ್ಚಿಕೊಂಡು ನುಗ್ಗುವವರಿಗೆ ಎಷ್ಟು ಹೇಳಿದರೂ ನಾಟುತ್ತಿರಲಿಲ್ಲ. ಕಡೆಗೆ ಅತ್ಯಾ ಹೊಸ್ತಿಲಾಚೆ ಸುಣ್ಣದ ಗೆರೆ ಎಳೆದು "ಮಡಿ ಅದ, ದೂರ ನಿಲ್ರಿ" ಅನ್ನತೊಡಗಿದಳು. ಬೆಂಕಿಗೆ ಹೆದರದವರು ಮಡಿಗೆ ಹೆದರಿದರು. ಸಿಗರೇಟು ಸೇದುತ್ತ ಬಂದ ಪೊಲೀಸ್ ಅಮೀನ್ ಸಾಹೇಬರೂ ಗೆರೆಯಾಚೆಯೇ ನಿಂತಾಗ ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದ್ದೆ.

ನನ್ನ ಮದುವೆ ಗೊತ್ತಾದ ವರ್ಷ ನಾನು ಅವಳ ಮನೆಯಲ್ಲೇ ಇದ್ದೆ. ಕಂಡಕಂಡವರು ಮುಟ್ಟಿದ ಬ್ಯಾಟರಿಗಳಿಂದ ಮನೆ ಮೈಲಿಗೆಯಾಯಿತೆಂದು ಮನೆಯ ಯಜಮಾನರಾಗಿದ್ದ ಅವಳ ಭಾವ, ಗಂಡನ ಅಣ್ಣ, ಎಗರಾಡುತ್ತಿದ್ದರು. ಕೋಣೆ ಶುದ್ಧಿ ಮಾಡಿಸಿ ಕೀಲಿ ಹಾಕಿಬಿಡುವುದೆಂದು ಅವರೇ ತೀರ್ಮಾನಿಸಿದರು. ಒಂದು ಬೆಳಿಗ್ಗೆ ಪುರೋಹಿತರೊಡನೆ, ಧೂಪಕ್ಕೆ ನಿಗಿನಿಗಿ ಕೆಂಡ ಹಿಡಿದು ಬಂದೇಬಿಟ್ಟರು. ಒಳಗೆ ಮುಚ್ಚಳ ತೆಗೆದ ಬ್ಯಾಟರಿಗಳ ಸಾಲು ಬುಸುಗುಡುತ್ತಿತ್ತು. ಅತ್ಯಾ ಎರಡೂ ಕೈ ಚೌಕಟ್ಟಿಗೆ ಊರಿ ಬಾಗಿಲಿಗೆ ಅಡ್ಡ ನಿಂತಳು.

ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಭಾವ ನನ್ನ ಕಡೆ ನೋಡಿ ಗುಡುಗಿದರು: "ಆಕಿಗೆ ಸರೀಲಿಕ್ಕೆ ಹೇಳು."

ಅತ್ಯಾ ನೇರ ಅವರ ಮುಖವನ್ನೇ ನೋಡಿದಳು. "ಕೆಂಡ ಒಳಗ ಬಂದ್ರ ನೀವೂ ಉಳಿಯಂಗಿಲ್ಲ, ನಾನೂ ಉಳಿಯಂಗಿಲ್ಲ. ಅಂಗಳದಾಗ ಇಡ್ರಿ ಅದನ್ನ."

"ಕೆಂಡ ಇಟ್ಟು ಬಂದ್ರ ಕೀಲಿ ಹಾಕ್ಲಿಕ್ಕೆ ಬಿಡ್ತಾಳೇನು, ಕೇಳು."

"ಬಿಡಂಗಿಲ್ಲ. ತಲಿ ಬೋಳಿಸಿದ್ರಿ, ಸುಮ್ಮನ ಕೂತೆ. ಕೈ ಕಟ್ಲಿಕ್ಕೆ ಬಂದ್ರ ಕೂಡಂಗಿಲ್ಲ."

"ಹಂಗಾದ್ರ ಇವತ್ತಿನಿಂದ ಆಕಿಗೆ ಈ ಮನಿ ಅನ್ನ ಇಲ್ಲ."

"ಬ್ಯಾಡ. ನನ್ನ ಅನ್ನ ನಾ ಬೇಯಿಸ್ಕೋತೀನಿ."

ಪುರೋಹಿತರು ಕೆಂಡವನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಮೆಲ್ಲಗೆ ಹಿಂದೆ ಸರಿದರು. ಅಂದೇ ಅತ್ಯಾ ಹಿತ್ತಲಲ್ಲಿ ಒಲೆ ಹೂಡಿದಳು. ಒಳಗೆ ನನಗೆ ಎಲೆ ಹಾಕಿದ್ದರು; ಎದ್ದು ಹಿತ್ತಲಿಗೆ ಹೋಗಿ ಅವಳ ಪಕ್ಕ ಕೂತು ಉಂಡೆ. ಆ ಬೇಳೆಸಾರಿಗೆ ಉಪ್ಪು ಕಡಿಮೆಯಾಗಿತ್ತು.

ಕೆಲ ವರ್ಷಗಳ ಮೇಲೆ ಅತ್ಯಾ ಹಾಸಿಗೆ ಹಿಡಿದಾಗ, ಪ್ರಾಯಶ್ಚಿತ್ತ ಮಾಡಿಕೊಂಡರೆ ಒಳಗೆ ಬರಲಿ ಎಂದು ಭಾವ ಹೇಳಿ ಕಳಿಸಿದರು. "ನಾ ಮಾಡಿದ ತಪ್ಪು ಯಾವುದಂತ, ಮೊದಲು ಕೇಳ್ಕೊಂಡು ಬರ್ರಿ" ಅಂದಳು. ಅದೇ ಹೊರಕೋಣೆಯಲ್ಲಿ, ತೆರೆದ ಕಿಟಕಿಯ ಕೆಳಗೆ ತೀರಿಕೊಂಡಳು.

ಮಾನ್ವಿಯಲ್ಲಿ ನನ್ನ ಗಂಡ ತೀರಿಕೊಂಡಾಗ ನನಗಿನ್ನೂ ಮೂವತ್ತಾಗಿರಲಿಲ್ಲ. ಅಂಗಳದಲ್ಲಿ ಕ್ಷೌರದವನನ್ನು ಕೂಡಿಸಿ ಹಿರಿಯರು ನನ್ನನ್ನು ಕರೆದರು. "ಬರಂಗಿಲ್ಲ" ಅಂದೆ. ಬೈದರು, ಅತ್ತರು, ಮತ್ತೆ ಕರೆದರು. ಅತ್ಯಾನನ್ನು ನೆನೆದು ಮತ್ತೂ ಅದನ್ನೇ ಅಂದೆ. ಈಗ ಈ ಬಿಳಿ ಜಡೆ ಹೆಣೆಯುವಾಗ ಮೊಮ್ಮಕ್ಕಳು ನಗುತ್ತಾರೆ, ಈ ವಯಸ್ಸಿನಲ್ಲಿ ಇಷ್ಟುದ್ದದ ಕೂದಲೇಕೆ ಎಂದು. ನಾನು ಒಂದೆಳೆಯನ್ನೂ ಕತ್ತರಿಸಿಲ್ಲ.